ಪೆನ್ಸಿಲ್‌ಗೂ ಮೊದಲು: ಪುಟ್ಟ ಕೈಗಳಿಗೆ ಮುಟ್ಟಿ ಕಲಿಯುವ ಸಾಮಾನು ಮಾಡಿಕೊಡುವುದು ಹೇಗೆ

ಮೂರು ವರ್ಷದ ಮಗುವನ್ನು ಕೂರಿಸಿ, ಕೈಗೆ ಪೆನ್ಸಿಲ್ ಕೊಟ್ಟು, ಗೆರೆ ದಾಟದಂತೆ ಅಕ್ಷರ ತಿದ್ದು ಎನ್ನುವುದು ತುಂಬಾ ಮನೆಗಳಲ್ಲಿ ನಡೆಯುತ್ತದೆ. ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಕಾಗದ ಹರಿಯುವಷ್ಟು ಒತ್ತುತ್ತದೆ. ಸ್ವಲ್ಪ ಹೊತ್ತಿಗೆ ಕೈ ನೋವು ಎಂದು ಎದ್ದು ಹೋಗುತ್ತದೆ. ಇದು ಸೋಮಾರಿತನವೂ ಅಲ್ಲ, ಹಟವೂ ಅಲ್ಲ. ಆ ಕೆಲಸಕ್ಕೆ ಬೇಕಾದ ಬಲ, ಬೆರಳುಗಳ ಹೊಂದಾಣಿಕೆ ಇನ್ನೂ ಬಂದಿಲ್ಲ, ಅಷ್ಟೇ.

ಹುಟ್ಟಿದ ಮಗುವಿನ ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ, ಅಲ್ಲಿರಬೇಕಾದ ಎಂಟು ಚಿಕ್ಕ ಮೂಳೆಗಳಲ್ಲಿ ಸಾಮಾನ್ಯವಾಗಿ ಒಂದೂ ಕಾಣುವುದಿಲ್ಲ. ಎಲ್ಲವೂ ಇನ್ನೂ ಮೆತ್ತಗಿರುತ್ತವೆ. ಮೊದಲ ಎರಡು ಕೆಲವೇ ತಿಂಗಳಲ್ಲಿ ಗಟ್ಟಿಯಾಗಲು ಶುರುವಾಗುತ್ತವೆ. ಕೊನೆಯದರ ಸರದಿ ಬರುವುದು 8ರಿಂದ 12 ವರ್ಷದ ನಡುವೆ. ಕೈ ಕಟ್ಟಿಕೊಳ್ಳುವುದಕ್ಕೆ ಇಷ್ಟು ವರ್ಷ ಬೇಕು. ಆದರೆ ಬೆರಳ ತುದಿಯ ಚರ್ಮ ಮೊದಲ ದಿನದಿಂದಲೇ ಕೆಲಸ ಮಾಡುತ್ತಿರುತ್ತದೆ. ಒತ್ತಡ, ಕಂಪನ, ಜಾರುವಿಕೆ, ಎಳೆತ ಇವನ್ನೆಲ್ಲ ಹಿಡಿಯುವ ಬೇರೆ ಬೇರೆ ನರತುದಿಗಳು ಅಲ್ಲಿ ದಟ್ಟವಾಗಿವೆ. ಮಿದುಳಿನಲ್ಲಿ ಸ್ಪರ್ಶಕ್ಕೆ ಮೀಸಲಾದ ಜಾಗದಲ್ಲೂ ಇಡೀ ಬೆನ್ನಿಗಿಂತ ಕೈಗೆ ಸಿಕ್ಕ ಪಾಲು ಜಾಸ್ತಿ. ಅಂದರೆ ಬರೆಯುವುದಕ್ಕೆ ಕೈ ಸಿದ್ಧವಾಗುವ ಎಷ್ಟೋ ಮೊದಲೇ, ಮುಟ್ಟಿ ತಿಳಿಯುವುದಕ್ಕೆ ಅದು ಸಿದ್ಧವಾಗಿರುತ್ತದೆ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಕೈ ನೋಡಿ, ವಯಸ್ಸು ಆಮೇಲೆ

ಸಾಮಾನು ಮಾಡುವ ಮುಂಚೆ ಒಂದೆರಡು ದಿನ ಮಗುವಿನ ಕೈಯನ್ನು ಸುಮ್ನೆ ಗಮನಿಸಿ. ಹುಟ್ಟಿದ ಕೂಸು ಅಂಗೈಗೆ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿಯುತ್ತದೆ. ಅದು ತಾನಾಗಿ ಆಗುವ ಹಿಡಿತ, ಆರು ತಿಂಗಳ ಹೊತ್ತಿಗೆ ಮಾಯವಾಗುತ್ತದೆ. ಆಗಲೇ ಮಗು ಬೇಕೆಂದು ಕೈಚಾಚಿ ಹಿಡಿಯುವುದನ್ನು, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದನ್ನು ಕಲಿಯುತ್ತದೆ. ಮೊದಲು ಇಡೀ ಅಂಗೈಯಿಂದ ಬಾಚುತ್ತದೆ. 9ರಿಂದ 12 ತಿಂಗಳ ನಡುವೆ ಹೆಬ್ಬೆರಳು ಮತ್ತು ತೋರುಬೆರಳ ತುದಿ ಸೇರಿಸಿ ಚಿಕ್ಕ ಚೂರನ್ನೂ ಎತ್ತತೊಡಗುತ್ತದೆ.

ಬಿಡುವುದು ಹಿಡಿಯುವುದಕ್ಕಿಂತ ಕಷ್ಟ. ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಬೆರಳು ಸಡಿಲಿಸುವುದು ಒಂದು ವರ್ಷದ ಆಸುಪಾಸಿನಲ್ಲಿ ಬರುತ್ತದೆ. ಆ ಸಮಯದಲ್ಲಿ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಕೆಳಗೆ ಹಾಕಿ ಹಾಕಿ ನೋಡುವುದೇ ಇದಕ್ಕೆ. ಅದು ತಂಟೆಯಲ್ಲ, ಅಭ್ಯಾಸ.

ಮುಂದಿನ ಹಂತಗಳಲ್ಲಿ ಹೇಳಿರುವ ವಯಸ್ಸುಗಳು ಅಂದಾಜು ಮಾತ್ರ. ನಿಮ್ಮ ಮಗು ಒಂದು ಕೆಲಸವನ್ನು ಸಲೀಸಾಗಿ ಮಾಡುತ್ತಿದ್ದರೆ ಮುಂದಿನದಕ್ಕೆ ಹೋಗಿ. ತಡವರಿಸಿ, ಬೇಸತ್ತು ಬಿಟ್ಟರೆ ಒಂದು ಹೆಜ್ಜೆ ಹಿಂದೆ ಬನ್ನಿ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವುದು ಖಂಡಿತ ಬೇಡ.

ಸುರಕ್ಷತೆ: ಇದನ್ನು ಓದದೆ ಮುಂದೆ ಹೋಗಬೇಡಿ

ಮೂರು ವರ್ಷದೊಳಗಿನ ಮಗು ಎಲ್ಲವನ್ನೂ ಬಾಯಿಗೆ ಹಾಕುತ್ತದೆ. ಆಟಿಕೆ ಪರೀಕ್ಷೆಯಲ್ಲಿ ಬಳಸುವ ಕೊಳವೆಯ ಅಗಲ 31.7 ಮಿಲಿಮೀಟರ್. ಯಾವುದೇ ವಸ್ತು ಒತ್ತಡವಿಲ್ಲದೆ ಅದರೊಳಗೆ ಪೂರ್ತಿ ಮುಳುಗಿದರೆ, ಅದು ಮೂರು ವರ್ಷದೊಳಗಿನವರಿಗೆ ಸಲ್ಲದು. ಮನೆಯಲ್ಲಿ ಆ ಕೊಳವೆ ಇರುವುದಿಲ್ಲ. ಟಾಯ್ಲೆಟ್ ಪೇಪರ್ ಸುತ್ತಿದ ರಟ್ಟಿನ ಕೊಳವೆ ಬಳಸಿ. ಅದು ಇನ್ನೂ ಸ್ವಲ್ಪ ಅಗಲ, ಹಾಗಾಗಿ ಇನ್ನಷ್ಟು ಸುರಕ್ಷಿತ. ಅದರೊಳಗೆ ತೂರುವ ಯಾವುದನ್ನೂ ಈ ವಯಸ್ಸಿನ ಮಗುವಿನ ಕೈಗೆ ಕೊಡಬೇಡಿ. ಮಣಿ, ಗುಂಡಿ, ಒಣ ಕಾಳು ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ಮೂರು ವಸ್ತುಗಳನ್ನು ಯಾವ ವಯಸ್ಸಿನ ಚಿಕ್ಕ ಮಗುವಿಗೂ ಕೊಡಬೇಡಿ: ನಾಣ್ಯದಾಕಾರದ ಬಟನ್ ಬ್ಯಾಟರಿ, ಚಿಕ್ಕ ಬಲವಾದ ಅಯಸ್ಕಾಂತ, ನೀರಲ್ಲಿ ಊದುವ ಬಣ್ಣದ ಮಣಿಗಳು. ಬ್ಯಾಟರಿ ಗಂಟಲಲ್ಲಿ ಸಿಕ್ಕಿಕೊಂಡರೆ ಒಂದೆರಡು ಗಂಟೆಯಲ್ಲೇ ಒಳಚರ್ಮ ಸುಡುತ್ತದೆ. ಎರಡು ಅಯಸ್ಕಾಂತ ನುಂಗಿದರೆ ಅವು ಕರುಳಿನ ಗೋಡೆಯಾಚೆಯಿಂದಲೂ ಒಂದನ್ನೊಂದು ಎಳೆದು ತೂತು ಮಾಡಬಲ್ಲವು. ನೀರಿನ ಮಣಿ ಹೊಟ್ಟೆಯೊಳಗೂ ಊದಿ ಕರುಳನ್ನು ಕಟ್ಟಿಬಿಡಬಹುದು. ಇವನ್ನು ಸ್ಪರ್ಶದ ಆಟಕ್ಕೆ ಚೆನ್ನ ಎಂದು ಯಾರಾದರೂ ಹೇಳಿದರೂ ಒಪ್ಪಬೇಡಿ. ಮಗು ಇವುಗಳಲ್ಲಿ ಯಾವುದನ್ನಾದರೂ ನುಂಗಿರಬಹುದು ಎಂಬ ಅನುಮಾನ ಬಂದರೆ ಕಾದು ನೋಡದೆ ತಕ್ಷಣ ಆಸ್ಪತ್ರೆಗೆ ಹೋಗಿ. ದಾರ ಬಳಸುವಾಗ ಕುತ್ತಿಗೆಗೆ ಸುತ್ತಿಕೊಳ್ಳದಷ್ಟು ಗಿಡ್ಡ ಇರಲಿ. ಆಟ ಮುಗಿದ ಮೇಲೆ ಎತ್ತಿಡಿ.

ಹಂತ 1: ಒರಟು-ನುಣುಪಿನ ಹಲಗೆ

ಆರು ತಿಂಗಳಿಂದಲೇ ಇದನ್ನು ಶುರು ಮಾಡಬಹುದು. ದಪ್ಪ ರಟ್ಟು ಅಥವಾ ತೆಳು ಮರದ ಹಲಗೆ ತೆಗೆದುಕೊಂಡು, 15 ಸೆಂಟಿಮೀಟರ್ ಉದ್ದ-ಅಗಲದ ತುಂಡುಗಳಾಗಿ ಕತ್ತರಿಸಿ. ಒಂದೊಂದಕ್ಕೆ ಒಂದೊಂದು ಬಗೆಯ ಮೇಲ್ಮೈ ಅಂಟಿಸಿ: ಮಖಮಲ್ಲು, ಗೋಣಿಬಟ್ಟೆ, ರೇಷ್ಮೆಯಂಥ ನುಣುಪು ಬಟ್ಟೆ, ಉಣ್ಣೆ, ಏಣುಗಳಿರುವ ರಟ್ಟು, ಬಬಲ್ ಶೀಟ್. ಮಗು ಕೀಳುತ್ತದೆ, ಜಗಿಯುತ್ತದೆ. ಹಾಗಾಗಿ ಬಟ್ಟೆಯ ಅಂಚನ್ನು ಹಿಂದಕ್ಕೆ ಮಡಚಿ ಅಂಟಿಸಿ. ಅಂಟು ಪೂರ್ತಿ ಒಣಗಿ ವಾಸನೆ ಹೋದ ಮೇಲಷ್ಟೇ ಕೊಡಿ. ಬಬಲ್ ಶೀಟಿನ ಹಲಗೆ ಕೊಟ್ಟಾಗ ಪಕ್ಕದಲ್ಲೇ ಇರಿ.

ಒಂದು ಸಲಕ್ಕೆ ಎರಡೇ ಹಲಗೆ ಕೊಡಿ, ಅವೂ ತೀರಾ ಬೇರೆ ಬೇರೆ ಆಗಿರಲಿ. ಗೋಣಿ ಮತ್ತು ಮಖಮಲ್ಲು ಒಳ್ಳೆಯ ಜೋಡಿ. ನಿಮ್ಮ ಬೆರಳನ್ನು ಮೆಲ್ಲಗೆ ಸವರಿ ತೋರಿಸಿ. 'ಒರಟು', 'ನುಣುಪು' ಎಂದು ಹೇಳಿ, ಸುಮ್ಮನಾಗಿ. ಮಗು ಎರಡೂ ಕೈ ಹಾಕಲಿ, ಕೆನ್ನೆಗೆ ಒತ್ತಿಕೊಳ್ಳಲಿ, ಬಿಟ್ಟುಬಿಡಿ.

ಎರಡೂವರೆ ವರ್ಷ ದಾಟಿದ ಮೇಲೆ ಇದೇ ಹಲಗೆಗಳನ್ನು ಜೋಡಿ ಜೋಡಿಯಾಗಿ ಮಾಡಿ. ಕಣ್ಣು ಮುಚ್ಚಿಕೊಂಡು ಒಂದೇ ಥರದವನ್ನು ಹುಡುಕುವ ಆಟ. ಇದಕ್ಕೆ ಮೇಲ್ಮೈಗಳು ಹೆಚ್ಚು ಹತ್ತಿರವಾಗಿದ್ದಷ್ಟೂ ಬೆರಳಿಗೆ ಕೆಲಸ ಜಾಸ್ತಿ. ಬೇರೆ ಬೇರೆ ನಂಬರಿನ ಸ್ಯಾಂಡ್‌ಪೇಪರ್ ಒಳ್ಳೆಯದು. ನಂಬರು ದೊಡ್ಡದಾದಷ್ಟೂ ಮೇಲ್ಮೈ ನವಿರು. 80, 150, 240 ಹೀಗೆ ಇಟ್ಟು, ಒರಟಿನಿಂದ ನವಿರಿಗೆ ಸಾಲಾಗಿ ಜೋಡಿಸು ಎನ್ನಿ. ಒತ್ತಿ ಉಜ್ಜಿದರೆ ಬೆರಳು ಕೆಂಪಗಾಗುತ್ತದೆ, ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಹಗುರವಾಗಿ ಸವರುವುದನ್ನು ತೋರಿಸಿಕೊಡಿ. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನಲ್ಲಿ 'ಮಕ್ಕಳ ಮನೆ' ಎಂಬ ತಮ್ಮ ಮೊದಲ ಶಾಲೆ ತೆರೆದರು. ಅವರ ಕಲಿಕಾ ಸಾಮಾನುಗಳಲ್ಲಿ ಇಂಥ ಹಲಗೆಗಳೂ ಇದ್ದವು. ಮುಟ್ಟುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಮಕ್ಕಳ ಕೈ ತೊಳೆಸುವುದು ಅವರ ಕ್ರಮ. ಬೆರಳ ತುದಿ ಚುರುಕಾಗಲಿ ಎಂದು. ಈಗಲೂ ಮಾಡಿ ನೋಡಬಹುದಾದ ಅಭ್ಯಾಸವಿದು.

ಹಂತ 2: ಹಿಸುಕು, ಹಿಂಡು, ಹರಿ

ಬೆರಳಿಗೆ ಬಲ ಬರುವುದು ಎದುರು ಒತ್ತುವ ವಸ್ತುವಿನಿಂದ. ಪ್ಲಾಸ್ಟಿಕ್ ಗುಂಡಿ ಒತ್ತಿದರೆ ಹಾಡುವ ಆಟಿಕೆಯಲ್ಲಿ ಇದು ಸಿಗುವುದಿಲ್ಲ. ಹಿಟ್ಟಿನ ಮುದ್ದೆಯಲ್ಲಿ ಸಿಗುತ್ತದೆ.

ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಒಂದು ದೊಡ್ಡ ಚಮಚ ಎಣ್ಣೆ ಸೇರಿಸಿ. ಮುಕ್ಕಾಲು ಕಪ್ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ನಾದಿ. ಸಾಲದಿದ್ದರೆ ಇನ್ನೊಂದಿಷ್ಟು ನೀರು. ಕೈಗೆ ಅಂಟಬಾರದು, ಬಿರುಕೂ ಬಿಡಬಾರದು. ಮುಚ್ಚಳವಿರುವ ಡಬ್ಬದಲ್ಲಿ ಫ್ರಿಜ್‌ನಲ್ಲಿಟ್ಟರೆ ಕೆಲವು ದಿನ ಬರುತ್ತದೆ. ವಾಸನೆ ಬಂದರೆ ಎಸೆಯಿರಿ. ಇದರಲ್ಲಿ ಉಪ್ಪು ತುಂಬಾ ಇರುವುದರಿಂದ ತಿನ್ನುವುದು ಅಪಾಯ, ಸಾಕುನಾಯಿಗೂ ಅಷ್ಟೇ. ಇನ್ನೂ ಬಾಯಿಗೆ ಹಾಕುವ ಮಗುವಾಗಿದ್ದರೆ ಈ ಮುದ್ದೆ ಸ್ವಲ್ಪ ತಡೆಯಲಿ. ಗೋಧಿ ಒಗ್ಗದ ಮಕ್ಕಳಿಗೆ ಅಕ್ಕಿ ಹಿಟ್ಟು ಅಥವಾ ಮೆಕ್ಕೆಜೋಳದ ಪಿಷ್ಟ ಬಳಸಿ.

ಮುದ್ದೆ ಕೊಟ್ಟು ಸುಮ್ನೆ ಬಿಡಬೇಡಿ, ಬೇರೆ ಬೇರೆ ಕೆಲಸ ತೋರಿಸಿ. ಅಂಗೈಯಿಂದ ತಟ್ಟುವುದು. ಎರಡು ಅಂಗೈ ನಡುವೆ ಉರುಳಿಸಿ ಹಾವು ಮಾಡುವುದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರಲ್ಲೇ ಚಿಕ್ಕ ಉಂಡೆ ಕಟ್ಟುವುದು. ಈ ಕೊನೆಯದನ್ನು ಗಮನಿಸಿ, ಮುಂದೆ ಪೆನ್ಸಿಲ್ ಹಿಡಿಯುವುದೂ ಇದೇ ಮೂರು ಬೆರಳು.

ಹಿಟ್ಟು ಇಲ್ಲದ ದಿನ ಎರಡು ಬಟ್ಟಲು ಮತ್ತು ಒಂದು ಸ್ಪಂಜು ಸಾಕು. ಒಂದರಲ್ಲಿ ನೀರು, ಇನ್ನೊಂದು ಖಾಲಿ. ಸ್ಪಂಜಿನಲ್ಲಿ ಹೀರಿಸಿ ಅತ್ತ ಹಿಂಡಿ, ನೀರೆಲ್ಲ ದಾಟಿಸಬೇಕು. ಹಳೆಯ ಕಾಗದ ಹರಿಯುವುದು ಇನ್ನೂ ಸುಲಭ. ಒಂದು ಕೈ ತನ್ನತ್ತ, ಇನ್ನೊಂದು ಆಚೆಗೆ ಎಳೆಯಬೇಕಾಗುವುದರಿಂದ ಎರಡೂ ಕೈ ಬೇರೆ ಬೇರೆ ಕೆಲಸ ಮಾಡುವುದನ್ನು ಕಲಿಯುತ್ತವೆ.

ಹಂತ 3: ಹಾಕುವ ಡಬ್ಬ, ಪೋಣಿಸುವ ದಾರ

ಒಂದು ವರ್ಷ ದಾಟಿದ ಮಗುವಿಗೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ. ದೊಡ್ಡ ಡಬ್ಬದ ಪ್ಲಾಸ್ಟಿಕ್ ಮುಚ್ಚಳದಲ್ಲಿ ದುಂಡು ತೂತು ಕೊರೆಯಿರಿ. ಅಂಚಿಗೆ ಟೇಪ್ ಸುತ್ತಿ, ಕೈ ಗೀರಬಾರದು. 5 ಸೆಂಟಿಮೀಟರ್ ಅಗಲದ ಚೆಂಡು ಅದರಲ್ಲಿ ಬೀಳಬೇಕು. ಟಪ್ ಎಂದು ಸದ್ದಾಗುತ್ತದೆ, ಚೆಂಡು ಮಾಯ. ಮುಚ್ಚಳ ತೆಗೆದರೆ ಮತ್ತೆ ಪ್ರತ್ಯಕ್ಷ.

ಇದು ಸಲೀಸಾದ ಮೇಲೆ ಮುಚ್ಚಳ ಬದಲಿಸಿ. ಈಗ ದುಂಡು ತೂತಿನ ಬದಲು ಉದ್ದನೆಯ ಸೀಳು. ದಪ್ಪ ರಟ್ಟಿನಿಂದ 6 ಸೆಂಟಿಮೀಟರ್ ಅಗಲದ ಬಿಲ್ಲೆಗಳನ್ನು ಕತ್ತರಿಸಿ ಕೊಡಿ. ಸೀಳು ಅಡ್ಡವಾಗಿದ್ದರೆ ಒಂದು ರೀತಿ ಹಿಡಿಯಬೇಕು, ಉದ್ದವಾಗಿದ್ದರೆ ಮಣಿಕಟ್ಟು ತಿರುಗಿಸಬೇಕು. ಡಬ್ಬವನ್ನು ನೀವೇ ತಿರುಗಿಸಿ ಸರಿ ಮಾಡಿಕೊಡಬೇಡಿ. ಮಗು ಮೂರು ಸಲ ತಪ್ಪಾಗಿ ತೂರಿಸಿ, ನಾಲ್ಕನೆಯ ಸಲ ಕೈ ತಿರುಗಿಸುತ್ತದೆ ನೋಡಿ, ಈ ಡಬ್ಬ ಮಾಡಿದ್ದೇ ಆ ಕ್ಷಣಕ್ಕಾಗಿ.

ಪೋಣಿಸುವುದಕ್ಕೂ ಇದೇ ರೀತಿ ಮೆಟ್ಟಿಲುಗಳಿವೆ. ಮೊದಲು ನೆಟ್ಟಗೆ ನಿಲ್ಲಿಸಿದ ಕೋಲಿಗೆ ಪರದೆಯ ದೊಡ್ಡ ರಿಂಗ್ ಹಾಕುವುದು. ಆಮೇಲೆ ಬಗ್ಗುವ ಆದರೆ ಜೋಲದ, ತುದಿ ಮಡಚಿದ ತಂತಿಗೆ ರಟ್ಟಿನ ಕೊಳವೆಯ ದೊಡ್ಡ ತುಂಡುಗಳನ್ನು ಪೋಣಿಸುವುದು. ದಾರ ಬರುವುದು ಕೊನೆಗೆ. ದಾರದ ತುದಿಗೆ 4-5 ಸೆಂಟಿಮೀಟರ್ ಟೇಪ್ ಬಿಗಿಯಾಗಿ ಸುತ್ತಿ ಗಟ್ಟಿ ಮಾಡಿ, ಇನ್ನೊಂದು ತುದಿಗೆ ದೊಡ್ಡ ಗಂಟು ಹಾಕಿ. ನೇರವಾಗಿ ಮೆತ್ತನೆಯ ದಾರ ಮತ್ತು ಚಿಕ್ಕ ಮಣಿ ಕೊಟ್ಟರೆ ಮಗು ಸೋಲುತ್ತದೆ. ಸೋತಿದ್ದು ಕೈ ಅಲ್ಲ, ಮೆಟ್ಟಿಲು ಹಾರಿಸಿದ ನಾವು. ಮೂರು ವರ್ಷ ದಾಟಿ, ಬಾಯಿಗೆ ಹಾಕುವುದು ಪೂರ್ತಿ ನಿಂತ ಮೇಲೆ ಮಣಿಗಳನ್ನು ತನ್ನಿ, ಅದೂ ನೀವು ಎದುರಿಗಿರುವಾಗ.

ಗುಂಡಿ-ಕಾಜದ ಅಭ್ಯಾಸವನ್ನೂ ಇಲ್ಲಿ ಸೇರಿಸಬಹುದು. ಹಳೆಯ ಅಂಗಿಯ ಮುಂಭಾಗ ಕತ್ತರಿಸಿ, ರಟ್ಟಿನ ಚೌಕಟ್ಟಿಗೆ ಎರಡು ಕಡೆಯಿಂದ ಬಿಗಿಯಿರಿ. ದೊಡ್ಡ ಗುಂಡಿಗಳನ್ನು ದಪ್ಪ ದಾರದಲ್ಲಿ ಹೊಲಿಯಿರಿ. ಮೊದಲು ಬಿಚ್ಚುವುದು, ಆಮೇಲೆ ಹಾಕುವುದು. ಮೈಮೇಲಿನ ಅಂಗಿಗಿಂತ ಎದುರಿನ ಚೌಕಟ್ಟಿನಲ್ಲಿ ಕಲಿಯುವುದು ಸುಲಭ, ಏಕೆಂದರೆ ಬೆರಳು ಏನು ಮಾಡುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ.

ಹಂತ 4: ಬೆರಳ ತುದಿಯ ಹಿಡಿತ

ಬಟ್ಟೆ ಕ್ಲಿಪ್, ದೊಡ್ಡ ಚಿಮಟ, ಔಷಧಿ ಹಾಕುವ ಡ್ರಾಪರ್ ಇವು ಮೂರೂ ಹೆಬ್ಬೆರಳಿಗೆ ಒಳ್ಳೆಯ ವ್ಯಾಯಾಮ. ರಟ್ಟಿನ ಬಿಲ್ಲೆಯ ಅಂಚಿಗೆ ಕ್ಲಿಪ್ ಸಿಕ್ಕಿಸಿ ಸೂರ್ಯ ಮಾಡಲಿ. ಹತ್ತಿಯ ಉಂಡೆಗಳನ್ನು ಚಿಮಟದಲ್ಲಿ ಎತ್ತಿ ಮೊಟ್ಟೆ ಟ್ರೇಯ ಗುಳಿಗಳಿಗೆ ಇಡಲಿ. ಕ್ಲಿಪ್ಪಿನ ಸ್ಪ್ರಿಂಗ್ ಬಿಗಿಯಾಗಿದ್ದರೆ ಮಗು ಎರಡೂ ಕೈ ಬಳಸುತ್ತದೆ. ಆಗ ಸಡಿಲವಾದದ್ದು ಹುಡುಕಿ ಕೊಡಿ. ಇದೆಲ್ಲ ಮೂರು ವರ್ಷದ ನಂತರದ್ದು.

ಹಂತ 5: ನೋಡದೆ ಹುಡುಕುವ ಚೀಲ

ಒಳಗಿರುವುದು ಕಾಣದ ಬಟ್ಟೆಯ ಚೀಲ ಹೊಲಿಯಿರಿ. ಬಾಯಿ ಮಗುವಿನ ಕೈ ಹೋಗುವಷ್ಟು ಇರಲಿ. ಮಗುವಿಗೆ ಚೆನ್ನಾಗಿ ಪರಿಚಯವಿರುವ ನಾಲ್ಕು ವಸ್ತು ಹಾಕಿ: ಚಮಚ, ಚೆಂಡು, ಬಾಚಣಿಗೆ, ಬೀಗದ ಕೈ. ಹಾಕುವ ಮುಂಚೆ ಒಂದೊಂದನ್ನೂ ತೋರಿಸಿ ಮುಟ್ಟಿಸಿ. ಆಮೇಲೆ 'ಚಮಚ ಹುಡುಕು' ಎನ್ನಿ. ಮಗು ಕೈ ಹಾಕಿ, ಕಣ್ಣು ಎಲ್ಲೋ ಇಟ್ಟು, ಬೆರಳುಗಳನ್ನು ವಸ್ತುವಿನ ಸುತ್ತ ಓಡಿಸುತ್ತದೆ. ಹಿಡಿದ ವಸ್ತುವನ್ನು ಅಂಗೈಯೊಳಗೇ ಹೊರಳಿಸುವ ಚಳಕ ಹೀಗೆ ಬರುತ್ತದೆ. ಬರೆಯುವಾಗ ಪೆನ್ಸಿಲನ್ನು ಬೆರಳಲ್ಲೇ ಸರಿಪಡಿಸಿಕೊಳ್ಳಲು ಬೇಕಾದದ್ದೂ ಇದೇ.

ಕಷ್ಟ ಹೆಚ್ಚಿಸುವುದು ಹೀಗೆ: ಒಂದೇ ಥರದ ವಸ್ತುಗಳ ಎರಡು ಗುಂಪು ಮಾಡಿ, ಒಂದು ಗುಂಪು ಮೇಜಿನ ಮೇಲೆ, ಇನ್ನೊಂದು ಚೀಲದಲ್ಲಿ ಇಡಿ. ನೋಡಿದ್ದನ್ನು ಮುಟ್ಟಿ ಹುಡುಕಬೇಕು. ಮುಂದೆ ಮರದ ಘನ, ಗೋಲ, ಉರುಳೆ ಬಳಸಿ. ಹೇಳಲು ತಡವಾದರೆ ಉತ್ತರ ಒದಗಿಸಬೇಡಿ. 'ಉದ್ದ ಇದೆಯಾ, ದುಂಡಗಿದೆಯಾ, ತಣ್ಣಗಿದೆಯಾ?' ಎಂದು ಕೇಳಿ.

ಹಂತ 6: ಬೆರಳಲ್ಲಿ ಓದುವ ಅಕ್ಷರ

ಮೂರೂವರೆ-ನಾಲ್ಕರ ಹೊತ್ತಿಗೆ ಮಗುವಿಗೆ ಅಕ್ಷರದ ಕುತೂಹಲ ಬಂದರೆ ಸ್ಯಾಂಡ್‌ಪೇಪರ್ ಅಕ್ಷರ ಮಾಡಿ. ಕಾಗದದ ಹಿಂಬದಿಗೆ ಅಕ್ಷರವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ಬರೆಯಿರಿ. ಕತ್ತರಿಸಿ ಮಗುಚಿದಾಗ ಸರಿಯಾಗಿರುತ್ತದೆ, ಮುಂಬದಿಯಲ್ಲಿ ಗೆರೆಯೂ ಉಳಿಯುವುದಿಲ್ಲ. ಅಕ್ಷರ 10 ಸೆಂಟಿಮೀಟರ್ ಎತ್ತರ, ಗೆರೆ ಒಂದೂವರೆ ಸೆಂಟಿಮೀಟರ್ ದಪ್ಪ ಇರಲಿ. 120 ಅಥವಾ 150 ನಂಬರಿನ ಕಾಗದ ಸಾಕು. ಹಳೆಯ ಕತ್ತರಿಯಲ್ಲೇ ಕತ್ತರಿಸಿ, ಹೊಸದು ಮೊಂಡಾಗುತ್ತದೆ. ನುಣುಪಾದ ರಟ್ಟಿಗೆ ಅಂಟಿಸಿದರೆ ಬೆರಳು ಗೆರೆ ತಪ್ಪಿದ್ದು ತಕ್ಷಣ ತಿಳಿಯುತ್ತದೆ. ತಪ್ಪನ್ನು ನಾವು ಹೇಳಬೇಕಾಗಿಲ್ಲ, ಹಲಗೆಯೇ ಹೇಳುತ್ತದೆ.

ಕನ್ನಡದ ಅಕ್ಷರಗಳು ದುಂಡು, ತಿರುವು ಜಾಸ್ತಿ. ಅದಕ್ಕೇ ವರ್ಣಮಾಲೆಯ ಕ್ರಮ ಹಿಡಿದು ಹೋಗುವುದಕ್ಕಿಂತ, ಕೈ ಓಡುವ ರೀತಿ ಹೋಲುವ ಅಕ್ಷರಗಳನ್ನು ಒಟ್ಟಿಗೆ ಕೊಡುವುದು ಒಳ್ಳೆಯದು. ರ ಮತ್ತು ಠ, ದ, ಧ ಮತ್ತು ಥ, ಹೀಗೆ. ಶುರುವಾಗುವ ಜಾಗಕ್ಕೆ ಒಂದು ಬಣ್ಣದ ಚುಕ್ಕಿ ಇಡಿ. ತೋರುಬೆರಳು ಮತ್ತು ನಡುಬೆರಳು ಜೋಡಿಸಿ, ಬರೆಯುವ ದಿಕ್ಕಿನಲ್ಲೇ ಸವರಿ, ಅಕ್ಷರದ ಉಚ್ಚಾರ ಹೇಳಿ.

ಕಲಿಸುವುದಕ್ಕೆ ಮೂರು ಮಾತಿನ ಕ್ರಮವಿದೆ. ಮೊದಲು ನೀವು ಹೇಳುವುದು: 'ಇದು ರ.' ಇನ್ನೊಂದು ಅಕ್ಷರ ಪಕ್ಕಕ್ಕಿಟ್ಟು ಕೇಳುವುದು: 'ರ ಎಲ್ಲಿದೆ?' ಕೊನೆಗೆ ತೋರಿಸಿ ಕೇಳುವುದು: 'ಇದೇನು?' ಎರಡನೆಯ ಮಾತಿನಲ್ಲೇ ತುಂಬಾ ದಿನ ಆಡಿ. ಮೂರನೆಯದಕ್ಕೆ ಅವಸರ ಬೇಡ. ತಪ್ಪು ಹೇಳಿದರೆ ತಿದ್ದದೆ ಮೊದಲ ಮಾತಿಗೆ ವಾಪಸ್ ಹೋಗಿ.

ಇದರ ಜೊತೆ ಒಂದು ಅಗಲವಾದ ತಟ್ಟೆಯಲ್ಲಿ ತೊಳೆದು ಒಣಗಿಸಿದ ಸಣ್ಣ ಮರಳನ್ನು ಬೆರಳ ಒಂದು ಗೆಣ್ಣಿನ ಅರ್ಧದಷ್ಟು ಹರಡಿ ಇಡಿ. ಸ್ಯಾಂಡ್‌ಪೇಪರ್ ಮೇಲೆ ಸವರಿದ್ದನ್ನು ಅಲ್ಲಿ ಬೆರಳಲ್ಲಿ ಬರೆಯಲಿ. ಅಲುಗಿಸಿದರೆ ಅಳಿಸಿಹೋಗುತ್ತದೆ, ತಪ್ಪಿನ ಗುರುತು ಉಳಿಯುವುದಿಲ್ಲ. ಅಂಜುವ ಮಕ್ಕಳಿಗೆ ಇದು ದೊಡ್ಡ ಧೈರ್ಯ.

ಹಂತ 7: ಕ್ರೇಯಾನ್ ಮತ್ತು ಕತ್ತರಿ

ಉದ್ದನೆಯ ಪೆನ್ಸಿಲ್ ಬದಲು 3 ಸೆಂಟಿಮೀಟರಿನ ಗಿಡ್ಡ ಕ್ರೇಯಾನ್ ತುಂಡು ಕೊಡಿ. ಮುಷ್ಟಿಯಲ್ಲಿ ಹಿಡಿಯಲು ಅದರಲ್ಲಿ ಜಾಗವೇ ಇರುವುದಿಲ್ಲ, ಬೆರಳ ತುದಿಯೇ ಬೇಕು. ಮೂರು ವರ್ಷದೊಳಗಿನವರಿಗೆ ಈ ತುಂಡು ಬೇಡ, ಬಾಯಿಗೆ ಹೋಗುತ್ತದೆ. ಅವರಿಗೆ ಅಂಗೈ ತುಂಬುವ ದಪ್ಪ ಕ್ರೇಯಾನ್ ಕೊಡಿ. ಕಾಗದವನ್ನು ಗೋಡೆಗೆ ಅಂಟಿಸಿ ನಿಂತು ಬಿಡಿಸಲು ಬಿಡಿ. ಆಗ ಭುಜ ಗಟ್ಟಿಯಾಗುತ್ತದೆ, ಮಣಿಕಟ್ಟು ತಾನಾಗಿ ಸ್ವಲ್ಪ ಹಿಂದಕ್ಕೆ ಬಾಗುತ್ತದೆ, ಬೆರಳಿಗೆ ಆಡಲು ಅನುಕೂಲವಾಗುತ್ತದೆ. ನೆಟ್ಟಗಿನ ಗೆರೆ ಎರಡು ವರ್ಷಕ್ಕೆ, ದುಂಡು ಮೂರಕ್ಕೆ, ಕೂಡು ಚಿಹ್ನೆ ನಾಲ್ಕರ ಹತ್ತಿರ, ಚೌಕ ಅದಾದ ಮೇಲೆ, ತ್ರಿಕೋನ ಐದಕ್ಕೆ. ತ್ರಿಕೋನದ ಓರೆಗೆರೆ ಬಾರದ ಮಗುವಿಗೆ ಅಕ್ಷರದ ತಿರುವು ಸುಲಭವಲ್ಲ, ಅಲ್ವಾ?

ಮೊಂಡು ತುದಿಯ ಕತ್ತರಿಯನ್ನು ಮೂರು ವರ್ಷಕ್ಕೆ ಕೊಡಬಹುದು. ಮೊದಲು ಹಿಟ್ಟಿನ ಹಾವನ್ನು ಕತ್ತರಿಸಲಿ, ಆಮೇಲೆ ಒಂದೇ ಏಟಿಗೆ ತುಂಡಾಗುವ ಕಿರಿದಾದ ಕಾಗದದ ಪಟ್ಟಿ. ಹೆಬ್ಬೆರಳು ಮೇಲಿರಲಿ. ಎಡಗೈ ಮಗುವಿಗೆ ಎಡಗೈ ಕತ್ತರಿಯೇ ಬೇಕು. ಎಡಗೈ ಬಳಸುವುದನ್ನು ಬಿಡಿಸಬೇಡಿ. ಯಾವ ಕೈ ಎಂಬುದು ಎರಡರಿಂದ ನಾಲ್ಕು ವರ್ಷದಲ್ಲಿ ಮೆಲ್ಲಗೆ ತಿಳಿದು ಬರುತ್ತದೆ. ಸಾಮಾನನ್ನು ಮಗುವಿನ ಎದುರು ನಡುಮಧ್ಯೆ ಇಡಿ. ಕೈಯನ್ನು ಅದೇ ಆರಿಸಿಕೊಳ್ಳಲಿ.

ಮುಟ್ಟಲು ಒಪ್ಪದ ಮಗು

ಕೆಲವು ಮಕ್ಕಳಿಗೆ ಅಂಟು, ಒದ್ದೆ, ಮರಳು ಅಂದರೆ ಮೈ ಜುಮ್ ಎನ್ನುತ್ತದೆ. ಅವರ ಕೈ ಹಿಡಿದು ಒತ್ತಾಯವಾಗಿ ಮುಟ್ಟಿಸಬೇಡಿ. ನನಗೆ ಇದಕ್ಕಿಂತ ನೋವು ಕೊಡುವ ದೃಶ್ಯ ಇನ್ನೊಂದಿಲ್ಲ. ಅದರಿಂದ ಭಯ ಬಲವಾಗುತ್ತದೆಯೇ ಹೊರತು ಕಲಿಕೆಯಲ್ಲ. ಮೊದಲು ಚಮಚದಲ್ಲಿ ಕಲಕಲಿ, ಬ್ರಷ್‌ನಲ್ಲಿ ಸವರಲಿ. ಬಣ್ಣವನ್ನು ಜಿಪ್ ಚೀಲಕ್ಕೆ ಹಾಕಿ, ಬಾಯಿಗೆ ಟೇಪ್ ಹಚ್ಚಿ, ಹೊರಗಿನಿಂದ ಒತ್ತಿ ಆಡಲಿ. ಒಣ ವಸ್ತುವಿನಿಂದ ಒದ್ದೆಗೆ, ಗಟ್ಟಿಯಿಂದ ಮೆತ್ತಗಿನದಕ್ಕೆ ಹೋಗಿ. ಕೈ ಒರೆಸುವ ಬಟ್ಟೆ ಪಕ್ಕದಲ್ಲೇ ಇದೆ ಎಂದು ಗೊತ್ತಾದರೆ ಎಷ್ಟೋ ಮಕ್ಕಳು ಧೈರ್ಯ ಮಾಡುತ್ತಾರೆ.

ಯಾವಾಗ ತೋರಿಸಬೇಕು

ನಾಲ್ಕು ತಿಂಗಳು ಕಳೆದರೂ ಮುಷ್ಟಿ ಸದಾ ಬಿಗಿದೇ ಇದ್ದರೆ, ಒಂದು ವರ್ಷದೊಳಗೇ ಒಂದು ಕೈಯನ್ನು ಮಾತ್ರ ಬಳಸಿ ಇನ್ನೊಂದನ್ನು ಬಿಟ್ಟೇಬಿಟ್ಟಿದ್ದರೆ, ಬರುತ್ತಿದ್ದ ಕೆಲಸ ಈಗ ಬಾರದೆ ಹೋದರೆ ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅಗತ್ಯವಿದ್ದರೆ ಅವರು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ತಜ್ಞರ ಬಳಿ ಕಳಿಸುತ್ತಾರೆ. ಹೋಗುವಾಗ ಮಗು ಮನೆಯಲ್ಲಿ ಆಡುವ ಒಂದೆರಡು ನಿಮಿಷದ ವಿಡಿಯೊ ಜೊತೆಗಿರಲಿ, ಎರಡೂ ಕೈ ಚೆನ್ನಾಗಿ ಕಾಣುವಂತೆ. ಹೊಸ ಜಾಗದಲ್ಲಿ ಮಗು ಮುದುಡಿಕೊಂಡು ಕೂತರೂ ಡಾಕ್ಟರಿಗೆ ನೋಡಬೇಕಾದದ್ದು ಅದರಲ್ಲಿ ಸಿಗುತ್ತದೆ.